ಸೇತುವೆ ಊರಿನ ಅಂಗಿ

ಈಜುಕೊಳದ ಕಾವಲುಗಾರನನ್ನು ಎಲ್ಲರೂ ಕೊಕ್ಕರೆ ಎಂದೇ ಕರೆಯುತ್ತಿದ್ದರು. ಉದ್ದ ಕಾಲು, ಉದ್ದ ಕತ್ತು, ನೀರಿನ ಪಕ್ಕದ ಎತ್ತರದ ಕುರ್ಚಿಯಲ್ಲಿ ಇಡೀ ದಿನ ಅಲುಗಾಡದೆ ಕೂರುವ ಅಭ್ಯಾಸ. ಬೇರೆ ಯಾವ ಹೆಸರಿಟ್ಟಿದ್ದರೂ ಅನ್ಯಾಯವಾಗುತ್ತಿತ್ತು. ಅವನಿಗೂ ಅದು ಎಷ್ಟು ಒಗ್ಗಿಹೋಗಿತ್ತೆಂದರೆ, ಯಾರಾದರೂ ನಿಜವಾದ ಹೆಸರು ಹಿಡಿದು ಕೂಗಿದರೆ ಹಿಂದೆ ಬೇರೆ ಯಾರೋ ನಿಂತಿರಬೇಕೆಂದು ತಿರುಗಿ ನೋಡುತ್ತಿದ್ದ.

ಈ ಕೊಕ್ಕರೆಗೆ ಒಂದೇ ಹುಚ್ಚು. ಯಾರೂ ಕೇಳರಿಯದ ಪರದೇಶದ ಫುಟ್‌ಬಾಲ್ ಕ್ಲಬ್ಬುಗಳ ಅಂಗಿ ಕೂಡಿಡುವುದು. ಹಾಗಂತ ಫುಟ್‌ಬಾಲ್ ನೋಡುತ್ತಿದ್ದನೇ ಎಂದರೆ ಅದೂ ಇಲ್ಲ. ಟೀವಿಯಲ್ಲಿ ಆಟ ಶುರುವಾಗಿ ಚೆಂಡು ಎರಡು ಸಲ ಅತ್ತಿತ್ತ ಹೋಗುವಷ್ಟರಲ್ಲಿ ಗೊರಕೆ. ಹೆಸರಾಂತ ಕ್ಲಬ್ಬುಗಳ ಅಂಗಿಯನ್ನು ಪುಕ್ಕಟೆ ಕೊಟ್ಟರೂ ಮೂಗು ಮುರಿಯುತ್ತಿದ್ದ. "ಗೆದ್ದೋರ ಅಂಗಿ ಬೀದಿಗೊಂದು ಸಿಗುತ್ತೆ ಬಿಡಿ. ಸೋತು ಸುಮ್ನೆ ಮನೆಗೆ ಹೋದೋರ್ದು ಎಲ್ಲಿ ಸಿಗುತ್ತೆ?" ಎಂದು ಕೇಳಿದವರನ್ನೇ ಕೇಳುತ್ತಿದ್ದ.

ಸಿಗುತ್ತಿದ್ದದ್ದು ಭಾಮೈದನಿಂದ. ಹೆಂಡತಿಯ ಆ ತಮ್ಮ ಬಂದರಿನ ಗೋದಾಮಿನಲ್ಲಿ ಹಳೆ ಬಟ್ಟೆ ವಿಂಗಡಿಸುವವನು. ಯಾವ್ಯಾವುದೋ ದೇಶದವರು ಉಟ್ಟು ಬಿಟ್ಟ ಬಟ್ಟೆ ಆಳೆತ್ತರದ ಮೂಟೆಗಳಲ್ಲಿ ಅಲ್ಲಿಗೆ ಬಂದು ಬೀಳುತ್ತಿತ್ತು. ಕೋಟು ಒಂದು ಕಡೆ, ಮಕ್ಕಳದ್ದು ಒಂದು ಕಡೆ, ಚಿಂದಿ ಒಂದು ಕಡೆ ಎಂದು ಎಸೆಯುವಾಗ ನಡುವೆ ಫುಟ್‌ಬಾಲ್ ಅಂಗಿ ಕಂಡರೆ ಮೇಲ್ವಿಚಾರಕನಿಗೆ ಹೇಳಿ ತೆಗೆದಿಡುತ್ತಿದ್ದ. "ಭಾವ, ಈ ಸಲದ್ದು ಯಾರಪ್ಪನಿಗೂ ಗೊತ್ತಿರೋ ಕ್ಲಬ್ಬಲ್ಲ," ಎಂದು ಕಂಕುಳಿನಿಂದ ಕಾಗದದ ಪೊಟ್ಟಣ ತೆಗೆದರೆ ಕೊಕ್ಕರೆ ಊಟ ಬಿಟ್ಟು ಏಳುತ್ತಿದ್ದ.

ಅಂಗಿಗಳ ಮೇಲಿನ ಅಕ್ಷರ ಅವನಿಗೆ ಓದಲು ಬರುತ್ತಿರಲಿಲ್ಲ. ಅದಕ್ಕೇ ಚಿತ್ರ ನೋಡಿ ತಾನೇ ಊರಿಗೆ ಹೆಸರಿಡುತ್ತಿದ್ದ. ಎದೆಯ ಮೇಲೆ ಟೈ ಕಟ್ಟಿದ ಬಾತುಕೋಳಿ ಇದ್ದರೆ ಅದು ಬಾತುಕೋಳಿ ಊರು. ನಗುವ ಹಲ್ಲಿನ ಚಿತ್ರವಿದ್ದರೆ ಹಲ್ಲಿನ ಊರು. ಅಲ್ಲಿನ ತಂಡವನ್ನು ಸಾಕುತ್ತಿದ್ದವನು ಹಲ್ಲಿನ ಡಾಕ್ಟರೇ ಇರಬೇಕು. ಒಂದು ಹಸಿರು ಅಂಗಿಯ ಮೊಣಕೈಗೆ ಯಾರೋ ಕಿಟಕಿ ಪರದೆಯ ತೇಪೆ ಹಾಕಿದ್ದರು, ಮಾಸಿದ ಹೂವಿನ ಸಮೇತ. ಆ ಕಿಟಕಿ ಎತ್ತ ಕಡೆ ತೆರೆಯುತ್ತಿತ್ತೋ ಎಂದು ಅವನು ಒಂದು ಇಡೀ ಮಧ್ಯಾಹ್ನ ಕುರ್ಚಿಯಲ್ಲಿ ಕೂತು ಯೋಚಿಸಿದ್ದುಂಟು.

"ಮನೇಲಿರೋದೇ ಎರಡು ಕಪಾಟು. ಒಂದ್ರಲ್ಲಿ ನಾವು, ಇನ್ನೊಂದ್ರಲ್ಲಿ ಸೋತೋರು," ಎಂದು ಹೆಂಡತಿ ಗೊಣಗುತ್ತಿದ್ದಳು. ಗೊಣಗುತ್ತಲೇ ಅಂಗಿಗಳನ್ನು ಮಡಚಿ ಇಡುತ್ತಿದ್ದಳು.

ಎಲ್ಲಕ್ಕಿಂತ ಅವನಿಗೆ ಪ್ರಾಣವಾಗಿದ್ದದ್ದು ಸೇತುವೆ ಊರಿನದು. ನೇರಳೆ ಬಣ್ಣ, ಅಡ್ಡಕ್ಕೆ ಬಿಳಿ ಪಟ್ಟಿ, ಎದೆಯ ಮೇಲೆ ಮೂರು ಕಮಾನಿನ ಸೇತುವೆ. ಬೆನ್ನಿನ ಮೇಲೆ ಐದನೇ ನಂಬರನ್ನು ಕೈಯಲ್ಲಿ ಹೊಲಿದಿದ್ದರು. ಹೊಲಿಯುವಾಗ ಅರ್ಧಕ್ಕೆ ಬಿಳಿ ದಾರ ಮುಗಿದು ಮಿಕ್ಕಿದ್ದಕ್ಕೆ ಹಳದಿ ದಾರ ಹಾಕಿದ್ದರು. ಆ ಹಳದಿ ದಾರದ ಮೇಲೆ ಬೆರಳಾಡಿಸಿದಾಗಲೆಲ್ಲ ಕೊಕ್ಕರೆಗೆ ಯಾರದೋ ಮನೆಯ ಅವಸರ ಕೈಗೆ ತಾಕಿದಂತಾಗಿ ಖುಷಿಯಾಗುತ್ತಿತ್ತು.

ಇಷ್ಟೇ ಆಗಿದ್ದರೆ ಇದು ಒಬ್ಬ ಅರೆಹುಚ್ಚನ ಕಪಾಟಿನ ಸುದ್ದಿಯಾಗಿ ಮುಗಿಯುತ್ತಿತ್ತು. ಆದರೆ ಅಕ್ಕ ಬಿದ್ದಳು.

ತಾಯಿ ತೀರಿಕೊಂಡ ಮೇಲೆ ಕೊಕ್ಕರೆಯನ್ನು ಸಾಕಿ ಬೆಳೆಸಿದವಳು ಈ ಅಕ್ಕ. ಬಸ್ ಕಂಡಕ್ಟರ್ ಆಗಿದ್ದವಳು. ಬಸ್ಸು ಎಂಥ ತಿರುವಿನಲ್ಲಿ ಹೊರಳಿದರೂ ಕಂಬಿ ಹಿಡಿಯದೆ ನಿಲ್ಲುತ್ತಿದ್ದಳು. "ಟಿಕೆಟ್ ಹರಿಯೋಕೆ ಒಂದು ಕೈ, ಜಗಳಕ್ಕೆ ಒಂದು ಕೈ. ಕಂಬಿ ಹಿಡಿಯೋಕೆ ಮೂರನೇದು ಎಲ್ಲಿಂದ ತರ್ಲಿ?" ಎನ್ನುತ್ತಿದ್ದಳು. ನಿವೃತ್ತಿಯಾದ ಮೇಲೂ ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ಯಾರ ಹಂಗೂ ಇಲ್ಲದೆ ಇದ್ದಳು. ಒಂದು ಬೆಳಗ್ಗೆ ಪಾರ್ಶ್ವವಾಯು ಹೊಡೆದು ಎಡಗಡೆಯೆಲ್ಲ ಸೋತುಹೋಯಿತು.

ಆಸ್ಪತ್ರೆಯಿಂದ ತಮ್ಮನ ಮನೆಗೆ ಬಂದವಳು ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಮಾತು ಹೋಗಿರಲಿಲ್ಲ, ಅವಳಿಗೇ ಬೇಕಿರಲಿಲ್ಲ. ಕತ್ತಿನ ದಾರದಲ್ಲಿ ತನ್ನ ಕೋಣೆಯ ಕೀಲಿಕೈ ಮಾತ್ರ ಇತ್ತು. ಆ ಕೋಣೆಗೆ ಕಡಿದಾದ ಮೆಟ್ಟಿಲು. ಹತ್ತುವಾಗ ಹಿಡಿಯುವ ಕಂಬಿ ಎಡಗಡೆ, ಬಲಗಡೆ ಬರೀ ಗೋಡೆ. ಅವಳ ಎಡಗೈಯೋ ಮಾತು ಕೇಳುತ್ತಿರಲಿಲ್ಲ. ಅಂದರೆ ಯಾವ ಆಸರೆಯೂ ಇಲ್ಲದೆ ಹತ್ತುವಂತಾದರೆ ಕೋಣೆ ಅವಳದ್ದು, ಇಲ್ಲವಾದರೆ ಇಲ್ಲ. ಗಡಿಯಾರದಂಗಡಿಯವನು ಒಳ್ಳೆಯವನೇ, ಆದರೆ ಅವನಿಗೂ ಜಾಗ ಬೇಕಿತ್ತು. ಚಳಿಗಾಲಕ್ಕೆ ಕೊಳ ಮುಚ್ಚುವ ತನಕ ಕಾಯುತ್ತೇನೆ, ಆಮೇಲೆ ಕಷ್ಟ ಎಂದಿದ್ದ.

ವ್ಯಾಯಾಮದ ಡಾಕ್ಟರಮ್ಮ ನೀರಿನಲ್ಲಿ ನಡೆಸಿ ಎಂದಳು. ಅಕ್ಕ ಕಿವಿಗೇ ಹಾಕಿಕೊಳ್ಳಲಿಲ್ಲ. ಹೀಗಿರುವಾಗ ಒಂದು ದಿನ ಕೊಕ್ಕರೆ ಬಾತುಕೋಳಿ ಅಂಗಿ ತೊಟ್ಟು ಅವಳ ಮುಂದೆ ಹಾದುಹೋದ. ಅಕ್ಕ ತಲೆ ಹೊರಳಿಸಿದಳು.

"ಯಾವೂರ ಬಾತುಕೋಳಿನೋ ಅದು?" ಎಂದಳು, ತುಸು ತೊದಲುತ್ತ.

ಎಷ್ಟೋ ದಿನದ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು. ಗೊತ್ತಿಲ್ಲ ಎಂದುಬಿಟ್ಟರೆ ಮತ್ತೆ ಗೋಡೆಗೆ ತಿರುಗುತ್ತಾಳೆ ಎಂದು ಕೊಕ್ಕರೆಗೆ ದಿಗಿಲಾಯಿತು. ಬಾಯಿಗೆ ಬಂದದ್ದು ಹೇಳಿದ. ಆ ಊರಲ್ಲಿ ಕೆರೆಯಿದೆ, ಆಟದ ನಡುವೆ ಬಾತುಕೋಳಿ ಮೈದಾನಕ್ಕೆ ಇಳಿದರೆ ರೆಫರಿ ಸೀಟಿ ಊದಿ ಆಟ ನಿಲ್ಲಿಸುತ್ತಾನೆ, ಅವು ತಮ್ಮಷ್ಟಕ್ಕೆ ದಾಟಿ ಹೋಗುವ ತನಕ ಎರಡೂ ತಂಡ ಕಾಯುತ್ತವೆ. "ನಿಂಗೆ ಹೇಗೆ ಗೊತ್ತು?" ಎಂದಳು ಅಕ್ಕ. "ಲೈಬ್ರರೀಲಿ ದೊಡ್ಡ ಪುಸ್ತಕ ಇದೆ, ನೋಡ್ಕೊಂಡು ಬಂದೆ," ಎಂದ. ಮಿಕ್ಕಿದ್ದನ್ನು ಕೊಳದಲ್ಲಿ ಹೇಳುವೆನೆಂದ. ಮರುದಿನ ಅಕ್ಕ ಕೊಳಕ್ಕೆ ಬಂದಳು.

ಅಂದಿನಿಂದ ದಿನಾ ಬೆಳಗ್ಗೆ, ಈಜುವವರು ಬರುವ ಮೊದಲು, ಆ ದೊಡ್ಡ ಗಾಜಿನ ಮಾಡಿನ ಕೆಳಗೆ ಇಬ್ಬರೇ. ಎಳೆ ಬಿಸಿಲು ಮಾಡಿನಿಂದ ನೀರಿಗಿಳಿದು, ನೀರಿನಿಂದ ಗೋಡೆಗೆ ಏರಿ ನಡುಗುತ್ತಿತ್ತು. ಪಂಪು ಒಳಗೆಲ್ಲೋ ಗುಂಯ್ ಎನ್ನುತ್ತಿತ್ತು. ಅಕ್ಕ ಸೊಂಟ ಮುಳುಗುವ ನೀರಿನಲ್ಲಿ, ಗೋಡೆಯ ಕಂಬಿಯನ್ನು ಬಲಗೈಯಲ್ಲಿ ಬಿಗಿಹಿಡಿದು ಹೆಜ್ಜೆ ಇಡುತ್ತಿದ್ದಳು. ಕೊಕ್ಕರೆ ಆವತ್ತಿನ ಅಂಗಿ ತೊಟ್ಟು ಎತ್ತರದ ಕುರ್ಚಿಯಲ್ಲಿ ಕೂತು, ನಿನ್ನೆ ಲೈಬ್ರರಿಯಲ್ಲಿ ಓದಿದೆನೆಂದು ಆವತ್ತಿನ ಊರು ಹೇಳುತ್ತಿದ್ದ. ಹೇಳುತ್ತ ಹೇಳುತ್ತ ಅವನಿಗೇ ಆ ಬೀದಿಗಳು ಕಣ್ಣಿಗೆ ಕಟ್ಟುತ್ತಿದ್ದವು. ತಾನು ಕಟ್ಟಿದ್ದೋ ಕಂಡದ್ದೋ ಎಂಬುದೇ ಮರೆತುಹೋಗುತ್ತಿತ್ತು. ಕಂಬಿಯ ಒಂದೊಂದು ಬೆಸುಗೆ ಬಂದಾಗಲೂ ಅಕ್ಕ ಹಳೇ ದನಿಯಲ್ಲಿ, "ಇದ್ಯಾವ ಸ್ಟಾಪು?" ಎಂದು ಕೇಳುತ್ತಿದ್ದಳು.

ಎಲ್ಲ ಊರಿಗಿಂತ ಸೇತುವೆ ಊರು ಅವಳಿಗೆ ಹಿಡಿಸಿಬಿಟ್ಟಿತು. ಅಲ್ಲಿನ ಮೈದಾನ ಇಳಿಜಾರು, ಕೆಳಗೆ ಹೊಳೆ, ಹೊಳೆಗೆ ಮೂರು ಕಮಾನಿನ ಸೇತುವೆ. ಚೆಂಡು ಉರುಳಿ ನೀರಿಗೆ ಬಿದ್ದರೆ ಸೇತುವೆ ಮೇಲಿನಿಂದ ಬುಟ್ಟಿ ಇಳಿಬಿಟ್ಟು ಎತ್ತುವ ಮುದುಕನೊಬ್ಬನಿದ್ದಾನೆ ಎಂದು ಕೊಕ್ಕರೆ ಹೇಳಿದ್ದ. "ಕಾಲು ಬಂದ ಮೇಲೆ ನಾನು ನೋಡೋ ಮೊದಲನೇ ಊರು ಅದೇ," ಎಂದು ಅಕ್ಕ ತೀರ್ಮಾನಿಸಿದಳು. ಆದರೆ ಕಂಬಿ ಮಾತ್ರ ಬಿಡಲೊಲ್ಲಳು. ಕೊಳದ ನಡುವೆ, ಹಿಡಿಯಲು ಏನೂ ಇಲ್ಲದ ಕಡೆ, ಒಂದು ಹೆಜ್ಜೆಯನ್ನೂ ಇಡಲಿಲ್ಲ. ನೀರು ತಣ್ಣಗಾಗುತ್ತ ಬಂತು. ಹೊರಗೆ ಮರಗಳ ಎಲೆ ಉದುರತೊಡಗಿತು. ಕೊಳ ಮುಚ್ಚುವ ದಿನ ಹತ್ತಿರವಾಯಿತು.

ಆಗ ಪಂಪು ಕೆಟ್ಟಿತು. ಸಾರ್ವಜನಿಕರಿಗೆ ಪ್ರವೇಶವಿಲ್ಲವೆಂದು ಬಾಗಿಲಿಗೆ ಹಲಗೆ ತೂಗುಹಾಕಿದರು. ಅಕ್ಕ ಸಾರ್ವಜನಿಕಳಲ್ಲವಲ್ಲ, ಅವಳು ಬಂದಳು. ಆವತ್ತು ಅವಳೇ ಕೇಳಿ ಕೊಕ್ಕರೆಗೆ ಸೇತುವೆ ಊರಿನ ಅಂಗಿ ಹಾಕಿಸಿದ್ದಳು. ಗುಂಯ್ ಎಂಬ ಸದ್ದು ನಿಂತು ಕಟ್ಟಡವೇ ಉಸಿರು ಹಿಡಿದಂತಿತ್ತು. ನೀರು ಅಲ್ಲಾಡದೆ ನಿಂತು, ತಳಕ್ಕೆ ಹಾಸಿದ ಬಿಳಿ ಬಿಲ್ಲೆಗಳೂ ಅವುಗಳ ನಡುವೆ ಹಾದ ಕಪ್ಪು ಗೆರೆಗಳೂ ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತಿದ್ದವು.

ಕೊಳದ ಆಚೆ ದಡದಲ್ಲಿ ಪಂಪಿನ ಕೋಣೆ. ಅದರೊಳಗಿಂದ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಹೊರಬಂದು, ದಡ ಸುತ್ತಿ ಈಚೆ ಬಂದ. ಬೇರೆ ದೇಶದವನು, ಈ ಊರಿಗೆ ಬಂದು ಬಹಳ ವರ್ಷವಾದವನು. ಇಲ್ಲಿನ ಮಾತನ್ನು ಒಂದೊಂದು ಶಬ್ದ ಮುಟ್ಟಿ ನೋಡಿ ಆಡುವವನು. ವಾಲ್ವ್ ತರಿಸಬೇಕು ಎಂದು ಹೇಳಲು ಬಾಯಿ ತೆರೆದವನು ಕುರ್ಚಿಯ ಹಿಂದೆ ಹಾಗೇ ನಿಂತ.

"ಐದು," ಎಂದ. ಕೈ ಎತ್ತಿ ಹಳದಿ ದಾರ ಮುಟ್ಟಿದ. "ನಮ್ಮೂರಲ್ಲಿ ನಂಬರ್ ಹೊಲಿಯೋಳು ಒಬ್ಬಳೇ. ಅವಳ ಹತ್ರ ಯಾವ ದಾರವೂ ಪೂರ್ತಿ ಇರ್ತಿರ್ಲಿಲ್ಲ."

ಕೊಕ್ಕರೆಗೆ ಮೈ ಜುಮ್ಮೆಂದಿತು. ಇಷ್ಟು ವರ್ಷಗಳಲ್ಲಿ ಅವನ ಕಪಾಟಿನ ಒಂದು ಅಂಗಿಯನ್ನಾದರೂ ಇದು ನಮ್ಮದು ಎಂದವರು ಯಾರೂ ಇರಲಿಲ್ಲ. ಕುರ್ಚಿಯಿಂದ ಹಾರಿ ಇಳಿದು ಅವನ ಕೈ ಹಿಡಿದ. ಹಿಡಿದ ಮೇಲೆ ತಾನು ಹೇಳಿದ ಕಥೆಗಳೆಲ್ಲ ನೆನಪಿಗೆ ಬಂದವು. ಅಕ್ಕನಿಗೆ ಕೇಳದಂತೆ ಪಿಸುಗುಟ್ಟಿದ.

"ನಿಮ್ಮೂರ ಮೈದಾನ ಇಳಿಜಾರಲ್ವಾ?"

"ಇಲ್ಲ. ತಟ್ಟೆ ಥರ ಸಮ."

"ಹೊಳೆ?"

"ಹೊಳೆ ಇಲ್ಲ. ಸೇತುವೆ ರೈಲಿಂದು. ಕೆಳಗೆ ಒಣ ಕೊರಕಲು. ನೀರು ಬಂದದ್ದು ಆಮೇಲೆ." ಮೆಕ್ಯಾನಿಕ್ ಈಗ ಅಂಗಿಯ ಎದೆಯ ಮೇಲಿನ ಸೇತುವೆಯನ್ನೇ ನೋಡುತ್ತಿದ್ದ. "ಅಣೆಕಟ್ಟು ಕಟ್ಟಿದ್ರು. ಊರು ಈಗ ಕೆಳಗಿದೆ. ಮೇಲೆ ದೋಣಿ ಹೋಗುತ್ತೆ."

ಕೊಕ್ಕರೆ ನೀರಿನ ಕಡೆ ಓರೆಗಣ್ಣಿನಲ್ಲಿ ನೋಡಿದ. ಅಕ್ಕ ಕಂಬಿ ಹಿಡಿದು ಇತ್ತಲೇ ದಿಟ್ಟಿಸುತ್ತಿದ್ದಳು.

"ನಮ್ಮಕ್ಕನಿಗೆ ಇದನ್ನ ಹೇಳ್ಬೇಡ, ದಮ್ಮಯ್ಯ," ಎಂದ. "ಆ ಊರು ನೋಡ್ಬೇಕು ಅಂತಾನೇ ಅವಳು ಹೆಜ್ಜೆ ಇಡ್ತಿರೋದು. ಇಲ್ಲ ಅಂತ ಗೊತ್ತಾದ್ರೆ ಹೋಗಿ ಗೋಡೆ ಕಡೆ ಮಲಗಿಬಿಡ್ತಾಳೆ. ಅವಳ ಮನೆ ಹೋಗುತ್ತೆ."

ಮೆಕ್ಯಾನಿಕ್ ಅಕ್ಕನನ್ನು ನೋಡಿದ, ಅವಳ ಕತ್ತಿನ ಕೀಲಿಕೈ ನೋಡಿದ. ತಲೆಯಾಡಿಸಿದ. "ಸರಿ. ಕೇಳಿದ್ರೆ ಏನು ಹೇಳ್ಲಿ?"

"ಮೈದಾನ ಇಳಿಜಾರು ಅನ್ನು. ಹೊಳೆ ಇದೆ ಅನ್ನು. ಸೇತುವೆ ಮೇಲಿಂದ ಬುಟ್ಟಿ ಬಿಡೋ ಮುದುಕ ಇನ್ನೂ ಗಟ್ಟಿಯಾಗಿದಾನೆ ಅನ್ನು."

"ಇಳಿಜಾರು," ಎಂದ ಮೆಕ್ಯಾನಿಕ್, ಪಾಠ ಒಪ್ಪಿಸುವವನಂತೆ. "ಹೊಳೆ ಇದೆ. ಮುದುಕ..." ಅಲ್ಲಿಗೆ ನಿಲ್ಲಿಸಿ ಮತ್ತೆ ಮೊದಲಿನಿಂದ ಶುರುಮಾಡಿದ. "ಇಳಿಜಾರು. ಹೊಳೆ ಇದೆ."

ಕೊಕ್ಕರೆಗೆ ನಾಚಿಕೆಯಾಯಿತು. ಒಬ್ಬನ ಊರು ನೀರುಪಾಲಾಗಿದೆ; ಅವನಿಗೇ ಅವನ ಊರನ್ನು ಸುಳ್ಳು ಮಾಡಿ ಕಲಿಸುತ್ತ ನಿಂತಿದ್ದೇನಲ್ಲ, ನಾನೆಂಥ ಮನುಷ್ಯ ಎನಿಸಿತು. ಇಷ್ಟು ದಿನ ಯಾರಿಗೂ ನೋವಾಗದ ಸುಳ್ಳು ಎಂದುಕೊಂಡಿದ್ದ. ಊರು ಯಾರದೋ ಆಗಿರುತ್ತದೆ ಎಂಬುದೇ ಹೊಳೆದಿರಲಿಲ್ಲ. ನೀರಿನ ಅಂಚಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತ.

"ಅಕ್ಕ, ಇವನು ಸೇತುವೆ ಊರಿನವನು," ಎಂದ. "ನಾನು ಹೇಳಿದ್ದೆಲ್ಲ ಸುಳ್ಳು. ಹೊಳೆ ಇಲ್ಲ, ಮುದುಕ ಇಲ್ಲ. ಅಣೆಕಟ್ಟು ಕಟ್ಟಿ ಊರೇ ಮುಳುಗಿಹೋಗಿದೆಯಂತೆ. ಬಾತುಕೋಳಿ ಊರೂ ಸುಳ್ಳು. ಎಲ್ಲಾ ಊರೂ."

ಅಕ್ಕ ನಿಧಾನವಾಗಿ ಗೋಡೆ ಕಡೆ ತಿರುಗಿ ಕಂಬಿಗೆ ಹಣೆ ಆನಿಸಿದಳು. ಮುಗಿಯಿತು, ನನ್ನ ಕೈಯಾರೆ ಹಾಳುಮಾಡಿದೆ ಎಂದುಕೊಂಡ ಕೊಕ್ಕರೆ. ಅವಳ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆ ಎಂದು ಅವನಿಗೂ ಅಳು ಬಂತು. ಆದರೆ ಅವಳು ಈ ಕಡೆ ತಿರುಗಿದಾಗ ನಗುತ್ತಿದ್ದಳು.

"ಸೋಮವಾರ ಲೈಬ್ರರಿಗೆ ರಜ ಕಣೋ, ಪೆದ್ದ. ನೀನು ಸೋಮವಾರನೂ ಓದ್ಕೊಂಡು ಬಂದಿರ್ತಿದ್ದೆ."

"ಗೊತ್ತಿದ್ದೂ ಕೇಳ್ತಿದ್ದೆಯಾ?"

"ಸಣ್ಣೋನಿದ್ದಾಗ ಸುಳ್ಳು ಹೇಳಿದ್ರೆ ನಿನ್ನ ಕಿವಿ ಕೆಂಪಗಾಗ್ತಿತ್ತು. ಈಗಲೂ ಆಗುತ್ತೆ. ಅದನ್ನ ನೋಡೋಕೇ ದಿನಾ ಬರ್ತಿದ್ದೆ." ಆಮೇಲೆ ಅವಳ ನಗು ಇಳಿಯಿತು. ಮೆಕ್ಯಾನಿಕ್ ಕಡೆ ನೋಡಿದಳು. "ಮುಳುಗಿರೋದು ಮಾತ್ರ ನಂಗೆ ಗೊತ್ತಿರ್ಲಿಲ್ಲ. ಆಮೇಲೆ ನೀನು ಹೋಗಿ ನೋಡ್ಲಿಲ್ವೇನಪ್ಪ?"

"ಹೋಗಿದ್ದೆ. ದೋಣೀಲಿ ನಿಂತು ಬಗ್ಗಿ ನೋಡಿದೆ. ಏನೂ ಕಾಣಲಿಲ್ಲ."

ಅಕ್ಕ ಬಗ್ಗಿ, ಅಲ್ಲಾಡದೆ ನಿಂತ ನೀರನ್ನು ನೋಡಿದಳು. ಮನೆಗಳಂತೆ ಬಿಳಿ ಬಿಲ್ಲೆ, ಬೀದಿಗಳಂತೆ ಕಪ್ಪು ಗೆರೆ, ಆಚೆ ದಡದ ತನಕ. ಬಹಳ ಹೊತ್ತು ನೋಡಿದಳು. ಕೊಕ್ಕರೆಯೂ ನೋಡಿದ. ಕಂಬಿಯಿಂದ ಹನಿಯೊಂದು ಬಿದ್ದು ಬೀದಿಯೊಂದು ಸ್ವಲ್ಪ ನಡುಗಿ ಮತ್ತೆ ನೆಟ್ಟಗಾಯಿತು.

"ಅಂಗಿ ಬಿಚ್ಚೋ," ಎಂದಳು. "ಇವನದ್ದು ಇವನಿಗೆ ಸೇರ್ಬೇಕು. ನಾನೇ ಕೊಡ್ತೀನಿ." ಮೆಕ್ಯಾನಿಕ್ ಕಡೆ ತಿರುಗಿದಳು. "ನೀನು ಆಚೆ ದಡಕ್ಕೆ ಹೋಗಿ ನಿಂತ್ಕೋಪ್ಪ."

ಅಂಗಿ ಬಿಚ್ಚುವಾಗ ಕೊಕ್ಕರೆಯ ಎದೆ ಹಿಂಡಿತು, ಸುಳ್ಳೇಕೆ ಹೇಳಬೇಕು. ಅಂಥದ್ದು ಇನ್ನೊಂದು ಸಿಗುವುದಿಲ್ಲ. ಹಳದಿ ದಾರವನ್ನು ಕೊನೆಯ ಸಲ ಸವರಿ ಅಕ್ಕನ ಹೆಗಲಿಗೆ ಹೊದಿಸಿ, ತೋಳುಗಳನ್ನು ಅವಳ ಕತ್ತಿನ ಮುಂದೆ ಗಂಟು ಹಾಕಿದ. ಮೆಕ್ಯಾನಿಕ್ ದಡ ಸುತ್ತಿ ಆಚೆ ಹೋಗಿ, ಪಂಪಿನ ಕೋಣೆಯ ಮುಂದೆ ಮೊಣಕಾಲೂರಿ ಕೂತ.

"ಇಳಿದ್ರೆ ಮೊದಲನೇದು ಏನು ಬರುತ್ತೆ ನಿಮ್ಮೂರಲ್ಲಿ?" ಎಂದು ಅಕ್ಕ ಕೂಗಿದಳು. ಖಾಲಿ ಕಟ್ಟಡದಲ್ಲಿ ಆ ದನಿ ಗಾಜಿನ ಮಾಡಿಗೆ ಬಡಿದು ಮರಳಿತು.

"ರೈಲ್ವೆ ಸ್ಟೇಷನ್," ಎಂದ ಅವನು.

"ರೈಲ್ವೆ ಸ್ಟೇಷನ್! ಯಾರಿದೀರಿ ಇಳಿಯೋರು?" ಎಂದಳು ಅಕ್ಕ. ಒಮ್ಮೆ ಉಸಿರು ಎಳೆದುಕೊಂಡಳು. "ರೈಟ್."

ಕೈ ಬಿಟ್ಟಳು.

ಕೊಕ್ಕರೆ ಕುರ್ಚಿಯ ಏಣಿಯನ್ನು ಹಿಡಿದು ನಿಂತಿದ್ದ, ಹತ್ತುವುದೋ ನೀರಿಗೆ ಹಾರುವುದೋ ತಿಳಿಯದೆ. ಅಕ್ಕ ಬಲಗಾಲು ಇಟ್ಟಳು, ಎಡಗಾಲನ್ನು ಎಳೆದುಕೊಂಡಳು. ಆಚೆಯಿಂದ ಮೆಕ್ಯಾನಿಕ್ ಹೇಳುತ್ತ ಹೋದ. ಬ್ರೆಡ್ಡಿನ ಅಂಗಡಿ, ಅದರ ಮುಂದೆ ಯಾವಾಗಲೂ ಮಲಗಿರುವ ಕಂದು ನಾಯಿ. ನಂಬರ್ ಹೊಲಿಯುವವಳ ಮನೆ, ಬಾಗಿಲು ಅಂಟಿಕೊಳ್ಳುತ್ತೆ, ಜೋರಾಗಿ ತಳ್ಳಬೇಕು. ಅಕ್ಕ ಪ್ರತಿಯೊಂದನ್ನೂ ಸ್ಟಾಪಿನಂತೆ ಕೂಗಿ, ತಳದ ಕಪ್ಪು ಗೆರೆ ಹಿಡಿದು ಮುಂದೆ ಹೋಗುತ್ತಿದ್ದಳು. ನೇರಳೆ ಅಂಗಿಯ ತುದಿ ಅವಳ ಹಿಂದೆ ನೀರಿನ ಮೇಲೆ ಹರಡಿ ತೇಲುತ್ತಿತ್ತು. ಕೊಕ್ಕರೆಗೆ ಅವಳು ಆ ಬೀದಿಗಳ ಮೇಲೇ ನಡೆಯುತ್ತಿರುವಂತೆ, ಕೆಳಗೆ ನಾಯಿ ತಲೆಯೆತ್ತಿ ನೋಡಿದಂತೆ ಕಂಡಿತು. ಊರು ಈಗ ನಿಜವಾದ್ದರಿಂದ ಅವನು ಕಟ್ಟಿ ಹೇಳಿದ ಊರಿಗಿಂತ ಸಾದಾ ಆಗಿತ್ತು, ಅದಕ್ಕಿಂತ ಚೆನ್ನಾಗಿತ್ತು.

ನಡುವಿನಲ್ಲಿ, ಯಾವ ದಡವೂ ಕೈಗೆ ಸಿಗದ ಕಡೆ, ಅವಳು ಎಡಕ್ಕೆ ವಾಲಿದಳು. ಕೊಕ್ಕರೆ ನೀರಿನ ಅಂಚಿಗೆ ಬಂದುಬಿಟ್ಟ.

"ನಿಂತ್ಕೋ ಅಲ್ಲೇ!" ಎಂದಳು ಅಕ್ಕ, ತಿರುಗದೆ. ಬಲಗೈಯನ್ನು ಗಾಳಿಯಲ್ಲಿ ಚಾಚಿ, ಬಸ್ಸು ತಿರುವಿನಲ್ಲಿ ಹೊರಳಿದಾಗ ನಿಲ್ಲುತ್ತಿದ್ದ ಹಾಗೆಯೇ ಕಾಲು ಅಗಲಿಸಿ ನಿಂತಳು. ನೀರು ಸುತ್ತ ಸುಕ್ಕಾಗಿ, ಸಮವಾಯಿತು. "ಇದ್ಯಾವ ಸ್ಟಾಪಪ್ಪ?"

"ಸೇತುವೆ ಕೆಳಗೆ, ಅಮ್ಮ. ದಾಟಿದ್ರೆ ಮೈದಾನ."

"ಸೇತುವೆ ಕೆಳಗೆ," ಎಂದು ಅವಳು ಮೆಲ್ಲಗೆ ಹೇಳಿಕೊಂಡಳು. ಆಮೇಲೆ ಗಟ್ಟಿಯಾಗಿ, "ರೈಟ್, ರೈಟ್!"

ಆಚೆ ದಡ ಮುಟ್ಟಿದ ಮೇಲೂ ಅಲ್ಲಿನ ಕಂಬಿಯನ್ನು ಹಿಡಿಯಲಿಲ್ಲ. ನಿಂತೇ, ಕತ್ತಿನ ಗಂಟನ್ನು ಒಂದೇ ಕೈಯಲ್ಲಿ ಬಿಚ್ಚಿ, ಅಂಗಿಯನ್ನು ಮೆಕ್ಯಾನಿಕ್ ಮಡಿಲಿಗೆ ಹಾಕಿದಳು. ಅದರಿಂದ ನೀರು ಇಳಿದು ಅವನ ಮೊಣಕಾಲೆಲ್ಲ ತೊಯ್ದಿತು.

"ಪೂರ್ತಿ ಒದ್ದೆ ಮಾಡ್ಬಿಟ್ಟೆ. ಬೇಜಾರು ಮಾಡ್ಕೋಬೇಡಪ್ಪ."

"ಇರಲಿ ಅಮ್ಮ," ಎಂದ ಅವನು, ಅಂಗಿಯನ್ನು ಹಿಂಡದೆ ಹಾಗೇ ಎದೆಗೆ ಒತ್ತಿಕೊಂಡು. "ನಮ್ಮೂರೂ ಒದ್ದೆನೇ."

ಕೊಕ್ಕರೆ ದಡ ಸುತ್ತಿ ಓಡಿ ಬಂದ. ಬರಿಮೈಯಲ್ಲಿ, ಉದ್ದ ಕಾಲುಗಳಲ್ಲಿ, ಕಣ್ಣು ಮೂಗು ಒಟ್ಟಿಗೆ ಒರೆಸಿಕೊಳ್ಳುತ್ತ. ಅಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಾಳೆ ಯಾವೂರೋ?" ಎಂದಳು.

"ಗಡಿಯಾರದಂಗಡಿ ಮಹಡಿ," ಎಂದ ಕೊಕ್ಕರೆ. ಅವನ ಕಿವಿ ಕೆಂಪಗಾಗಿದೆಯೇ ಎಂದು ಅಕ್ಕ ಕತ್ತು ಬಾಗಿಸಿ ನೋಡಿದಳು. ಆಗಿರಲಿಲ್ಲ.